ಹುಕ್ಕೇರಿ ಬಸ್‌ಸ್ಟ್ಯಾಂಡಿನಲ್ಲಿ ಸ್ಪೇನಿನ ಚಪ್ಪಾಳೆ

ಹುಕ್ಕೇರಿ ಬಸ್‌ಸ್ಟ್ಯಾಂಡಿನಲ್ಲಿ ಗೋಕಾಕದ ಬಸ್ಸಿಗೆ ಕಾಯುತ್ತ ಬರೆಯುತ್ತಿದ್ದೇನೆ. ಕೂರಲು ನೆರಳು ಸಿಕ್ಕಿದೆ, ದೇವರು ದೊಡ್ಡವನು. ಜೊತೆಗೆ ನನ್ನ ಹಿರಿಯ ನೆಗೆಣ್ಣಿ, ಅಂದರೆ ಗಂಡನ ಅಣ್ಣನ ಹೆಂಡತಿ, ಶಾಂತಕ್ಕ. ಕೈ ಮುರಿದು ಕೂಡಿದ ಮೇಲೂ ಬೆರಳು ಸರಿಯಾಗಿ ಬಗ್ಗದೆ, ತಾಳ ಹಿಡಿಯಲಾಗದೆ, ಆಕೆ ನಮ್ಮ ಸೋಮವಾರದ ಭಜನೆಗೆ ಬರುವುದನ್ನೇ ಬಿಟ್ಟಿದ್ದಾಳೆ. ಕೈ ತೋರಿಸಲು ಇಲ್ಲಿಗೆ ಬಂದರೆ ಡಾಕ್ಟರು ಇವತ್ತೂ "ಕೈ ಆಡಸ್ರಿ, ಸುಮ್ನ ಇಡಬ್ಯಾಡ್ರಿ" ಎಂದು ಗದರಿದರು. ಆಕೆ ಆ ಕೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡೇ ಬಂದಳು.

ಪಕ್ಕದಲ್ಲಿ ಕುಳಿತ ಕಾಲೇಜು ಹುಡುಗಿಯ ಮೊಬೈಲಿನಲ್ಲಿ ಹಾಡು ಶುರುವಾಯಿತು. ಗಿಟಾರು, ಬಿರುಸಾದ ಚಪ್ಪಾಳೆ, ನಡುವೆ ಎದೆ ಬಿರಿಯುವಂತೆ ಕೂಗಿ ಕರೆಯುವ ಹೆಣ್ಣುದನಿ. ಶಾಂತಕ್ಕ ಥಟ್ಟನೆ ತಲೆಯ ಮೇಲೆ ಸೆರಗು ಹೊದ್ದು ಕಣ್ಣು ಮುಚ್ಚಿದಳು.

"ಯಾವ ದೇವರ ಪದಾ ಇದು, ತಂಗಿ?"

"ದೇವರದಲ್ರಿ ಕಾಕೂ, ಸ್ಪೇನ್ ದೇಶದ್ದು. ಫ್ಲಮೆಂಕೊ ಅಂತಾರ, ಇದರಾಗ ಹೊಸಾ ಡ್ರಮ್ಮೂ ಕೂಡಿಸ್ಯಾರ. ಗಂಡ ಬಿಟ್ಟ ಹೋಗ್ಯಾನಂತ ಹಾಡಾಕತ್ತಾಳ."

"ಇಷ್ಟ ಜೋರ ಕರದ್ರ ಗಂಡಗ ಕೇಳಲಿಕ್ರೂ ದೇವರಿಗಿ ಕೇಳತೈತಿ ಬಿಡ! ತಾಳಾ ಯಾರು ಹಾಕಾಕತ್ತಾರ?"

"ತಾಳಾ ಇಲ್ರಿ. ಬರೇ ಅಂಗೈ."

ಸ್ವಲ್ಪ ಹೊತ್ತಿಗೆ ಶಾಂತಕ್ಕನ ಆ ಕೈ ಸೆರಗಿನಿಂದ ಹೊರಬಂದು ಇನ್ನೊಂದು ಅಂಗೈಯನ್ನು ಮೆಲ್ಲಗೆ ತಟ್ಟತೊಡಗಿತು. ಸಪ್ಪಳ ಬರಲಿಲ್ಲ, ಆದರೆ ತಾಳ ತಪ್ಪಲಿಲ್ಲ. ಇಂಥ ಹಾಡು ಕೇಳದವರು ಒಮ್ಮೆ ಹುಡುಕಿ ಕೇಳಿರಿ. ಭಾಷೆ ನನಗೂ ತಿಳಿಯಲಿಲ್ಲ.

ಅಷ್ಟರಲ್ಲಿ ನಮ್ಮ ಬಸ್ಸು ಬಂತು. ನಾನು ಚೀಲ ಎತ್ತಿಕೊಂಡು ಎದ್ದೆ.

"ಕುಂದ್ರ ಸುಮ್ನ," ಎಂದಳು ಶಾಂತಕ್ಕ, ಕೈ ನಿಲ್ಲಿಸದೆ. "ಮಂಗಳಾರತಿ ಆಗೂಕಿಂತ ಮದಲ ಯಾರರ ಎದ್ದ ಹೊಕ್ಕಾರೇನ?"

ಬಸ್ಸು ಹೋಯಿತು. ಹುಡುಗಿ ಈಗ ಎರಡನೆಯ ಹಾಡು ಹಚ್ಚಿದ್ದಾಳೆ.