ಹಿಂದಿನ ಸೀಟಿನ ಒಂದು ವರ್ಷ

ಮೊಪೆಡ್ಡಿನ ಹಿಂದಿನ ಸೀಟಿನಲ್ಲಿ ಕುಳಿತ ಗಂಡಸು ತನ್ನ ಎರಡು ಕೈಗಳನ್ನು ಎಲ್ಲಿಡಬೇಕೆಂಬುದು ನಮ್ಮ ಶಾಸ್ತ್ರಕಾರರು ಯಾರೂ ಯೋಚಿಸದೆ ಬಿಟ್ಟ ಪ್ರಶ್ನೆ. ಗಾಡಿ ಓಡಿಸುವವನು ಗೆಳೆಯನಾದರೆ ಅವನ ಹೆಗಲಿದೆ, ಅಪರಿಚಿತನಾದರೆ ದೇವರಿದ್ದಾನೆ. ಹೆಂಡತಿಯಾದರೆ, ಅದೂ ದಾವಣಗೆರೆಯ ಪಿ.ಜೆ. ಬಡಾವಣೆಯಂಥ, ಕಟ್ಟೆಗೊಬ್ಬ ಪರಿಚಿತ ಹಿರಿಯರು ಕುಳಿತಿರುವ ಜಾಗದಲ್ಲಾದರೆ, ಹೆಗಲ ಮೇಲಿಟ್ಟರೆ ಶೃಂಗಾರ, ತೊಡೆಯ ಮೇಲಿಟ್ಟುಕೊಂಡರೆ ಶಾಂತ, ಹಿಂದಿನ ಕಂಬಿಯನ್ನು ಹಿಡಿದುಕೊಂಡರೆ ಭಯಾನಕ. ಶತಮಾನ ಮುಗಿಯಲು ಇನ್ನೇನು ಒಂದೆರಡು ವರ್ಷವಿರುವಾಗ, ಕಳೆದ ಯುಗಾದಿಯಿಂದ ಈ ಯುಗಾದಿಯವರೆಗಿನ ನನ್ನ ಇಡೀ ಸಂವತ್ಸರ ಈ ಮೂರು ರಸಗಳ ನಡುವೆಯೇ ಓಲಾಡಿತೆಂದರೆ ನೀವು ನಗಬಹುದು. ನಗಿ, ನಮ್ಮ ಬೀದಿ ಆಗಲೇ ನಕ್ಕು ಮುಗಿಸಿದೆ.

ನಿಜಕ್ಕೂ ಆ ಗಾಡಿಯನ್ನು ಕೊಂಡದ್ದು ನನಗಾಗಿ. ಹರಿಹರದ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವ ನಾನು ದಿನವೂ ಬಸ್ಸಿನಲ್ಲಿ ಒಂಟಿ ಕಾಲಲ್ಲಿ ನಿಂತು, ಇನ್ನೊಂದು ಕಾಲು ಎಲ್ಲಿ ಹೋಯಿತೆಂದು ಹುಡುಕುತ್ತಾ ಹೋಗಿಬರುವುದನ್ನು ಕಂಡು ಮರುಗಿದವಳು ನನ್ನ ಹೆಂಡತಿ ನಿರ್ಮಲೆ. "ಒಂದು ಗಾಡಿ ತಗಳ್ರಿ, ಎಲ್ಲಾರೂ ತಗಂಡಾರ" ಎಂದಳು. ಯುಗಾದಿ ಹಬ್ಬದ ದಿನ ಗಾಡಿ ಬಂತು, ವಿಭೂತಿ ಧರಿಸಿತು, ನಿಂಬೆಹಣ್ಣುಗಳನ್ನು ತುಳಿಯಿತು. ಮರುದಿನ ಬೆಳಿಗ್ಗೆ ಅದನ್ನು ಎಸ್.ಎಸ್. ಬಡಾವಣೆಯ ಖಾಲಿ ಸೈಟುಗಳ ಕಡೆಗೆ ನೂಕಿಕೊಂಡು ಹೋದೆವು. ಕಲಿಸಲು ಪಕ್ಕದ ಮನೆಯ ರುದ್ರಪ್ಪನವರು ಬಂದಿದ್ದರು. ಹತ್ತಿಯ ವ್ಯಾಪಾರವನ್ನು ಮಕ್ಕಳಿಗೆ ಬಿಟ್ಟುಕೊಟ್ಟು, ಈಗ ಕಟ್ಟೆಯ ಮೇಲೆ ಕುಳಿತು ಬೀದಿಯ ವ್ಯಾಪಾರವನ್ನು ನೋಡಿಕೊಳ್ಳುವ ಹಿರಿಯರು ಅವರು.

ಹೆದರಿದಾಗ ಕೈಗೆ ಸಿಕ್ಕಿದ್ದನ್ನು ಬಿಗಿಯಾಗಿ ಹಿಡಿದು ತಿರುಚುವುದು ನನ್ನ ಸ್ವಭಾವ. ತಿರುಚಿದಷ್ಟೂ ಜೋರಾಗಿ ಓಡುವುದು ಗಾಡಿಯ ಸ್ವಭಾವ. ಈ ಎರಡು ಸ್ವಭಾವಗಳ ಸಂಗಮವು ಯಾರೋ ಮನೆ ಕಟ್ಟಿಸಲು ಸುರಿಸಿದ್ದ ಮರಳಿನ ರಾಶಿಯಲ್ಲಿ ಪರ್ಯವಸಾನವಾಯಿತು. ರುದ್ರಪ್ಪನವರು ನಿಧಾನವಾಗಿ ನಡೆದುಬಂದು, "ಮೇಷ್ಟ್ರೇ, ನಿಮ್ ಪುಣ್ಯ ದೊಡ್ಡದೈತೆ. ಜಲ್ಲಿ ಇದ್ದಿದ್ರೆ ಹೆಂಗಿತ್ತು?" ಎಂದರು. ಆಮೇಲೆ ಗಾಡಿ ನಮ್ಮ ಪಡಸಾಲೆಯಲ್ಲಿ ಹಳೆಯ ದುಪ್ಪಟಿ ಹೊದ್ದುಕೊಂಡು ನಿಂತಿತು. ಗುಡಿಯ ಮುಂದಿನ ನಂದಿಯಂತೆ ಅದು ಪೂಜೆಗೆ ಮಾತ್ರ, ಉಳುಮೆಗಲ್ಲ. ಭಾನುವಾರಗಳಂದು ನಾನು ಅದರ ಧೂಳು ಒರೆಸಿ, ಎಂದಾದರೂ ಸವಾರಿ ಹೊರಡುವವನ ಗಾಂಭೀರ್ಯದಿಂದ ಹಾರ್ನ್ ಒತ್ತಿ ನೋಡುತ್ತಿದ್ದೆ.

ಆಷಾಢದ ಒಂದು ಸಂಜೆ ಬಸ್ಸಿನಿಂದ ಇಳಿದೆ. ನಿಲ್ದಾಣದ ಹೊರಗೆ ನಮ್ಮ ಗಾಡಿಯಂಥದೇ ಗಾಡಿ, ಅದರ ಮೇಲೆ ನನ್ನ ಹೆಂಡತಿಯಂಥವಳೇ ಒಬ್ಬಳು ಹೆಂಗಸು. ಎರಡೂ ನಮ್ಮವೇ ಎಂದು ಖಾತ್ರಿಯಾಗಲು ಸ್ವಲ್ಪ ಹೊತ್ತು ಬೇಕಾಯಿತು.

"ಹತ್ರಿ" ಎಂದಳು ನಿರ್ಮಲೆ.

"ಯಾರು ಕಲಿಸಿದರು ನಿನಗೆ?"

"ನೀವ ಕಲ್ಸಿದ್ದು. ಅವತ್ತು ನೀವು ಏನೇನು ಮಾಡಿದ್ರಿ ಅಂತ ನೋಡಿದ್ನಲ್ಲ, ಅದ್ಯಾವುದೂ ಮಾಡ್ಲಿಲ್ಲ."

ಮೂವತ್ತು ವರ್ಷ ಪಾಠ ಹೇಳಿದರೂ ನನ್ನ ಬೋಧನೆಯ ಬಗ್ಗೆ ಇಷ್ಟು ನಿಖರವಾದ ಅಭಿಪ್ರಾಯ ಯಾವ ಶಿಷ್ಯನಿಂದಲೂ ಬಂದಿರಲಿಲ್ಲ. ನಾನು ಹತ್ತಿದೆ.

ಅಂದಿನಿಂದ ಬಸ್ ನಿಲ್ದಾಣದವರೆಗೆ ಅವಳು ಬಿಟ್ಟುಬರುವುದು, ಸಂಜೆ ಕರೆತರುವುದು ರೂಢಿಯಾಯಿತು. ಸಹಧರ್ಮಿಣಿ ಸಾರಥಿಯಾದಳು, ಅವಳ ಹಿಂದೆ ನಾನು ಅಕ್ಷರಶಃ ಹಿಂಬಾಲಕನಾದೆ. ಮೊದಲ ದಿನವೇ ರುದ್ರಪ್ಪನವರ ಕಟ್ಟೆಯಿಂದ, "ಏನ್ ಮೇಷ್ಟ್ರೇ, ಡ್ರೈವರ್ ಇಟ್ಕಂಡೀರಿ!" ಎಂಬ ಆಶೀರ್ವಾದ ಬಂತು. ನಾನು ಹಲವು ಉಪಾಯಗಳನ್ನು ಮಾಡಿದೆ. ತರಕಾರಿ ಚೀಲವನ್ನು ಅಪ್ಪಿಕೊಂಡು, ಬದನೆಕಾಯಿಯ ಕಾವಲಿಗಾಗಿಯೇ ಕುಳಿತವನಂತೆ ಕಂಡೆ. ತಿರುವಿನಲ್ಲೇ ಇಳಿದು, ವಾಯುವಿಹಾರಕ್ಕೆ ಹೋಗಿಬಂದವನಂತೆ ಕೈ ಬೀಸುತ್ತಾ ಮನೆ ಸೇರಿದೆ. ಹೀಗೆ ಇಳಿಯುವುದನ್ನು ಕೆಲವು ದಿನ ಸಹಿಸಿದ ನಿರ್ಮಲೆ ಒಂದು ಸಂಜೆ ತಿರುವಿನಲ್ಲಿ ಗಾಡಿ ನಿಲ್ಲಿಸಲೇ ಇಲ್ಲ. "ಮರ್ಯಾದಿ ಹೋಗಾದಿದ್ರೆ ಮನಿ ಮುಂದ ಹೋಗ್ಲಿ, ನಡೀರಿ" ಎಂದಳು. ರುದ್ರಪ್ಪನವರ ಕಟ್ಟೆಯ ಮುಂದೆಯೇ ಇಳಿದೆ. ಮರ್ಯಾದೆಯೇನೂ ಹೋಗಲಿಲ್ಲ, ಬದನೆಕಾಯಿ ಮಾತ್ರ ಉರುಳಿಹೋದವು.

ಆದರೆ ಊರ ಹೊರಗಿನ ದೊಡ್ಡ ರಸ್ತೆಗೆ ಅವಳೂ ಗಾಡಿ ಇಳಿಸಿರಲಿಲ್ಲ. ಅಲ್ಲಿ ಲಾರಿಗಳಿದ್ದವು. ಅವಳ ತವರು ಹರಿಹರ. ತಾಯಿಯನ್ನು ನೋಡಲು ಹೋಗುವಾಗೆಲ್ಲ ಅವಳಿಗೂ ಬಸ್ಸೇ ಗತಿಯಾಗಿತ್ತು.

ಮಾಘ ಮಾಸದ ಒಂದು ಬೆಳಿಗ್ಗೆ ಅತ್ತೆಯ ನೆರೆಮನೆಯವರು ಫೋನ್ ಮಾಡಿ, ಅತ್ತೆ ನಲ್ಲಿಯ ಹತ್ತಿರ ಜಾರಿಬಿದ್ದಿದ್ದಾರೆ ಎಂದಷ್ಟೇ ಹೇಳುವಷ್ಟರಲ್ಲಿ ಲೈನು ಕಡಿದುಹೋಯಿತು. ಆ ದಿನವೇ ಯಾವುದೋ ಬಂದ್, ಒಂದೂ ಬಸ್ಸಿಲ್ಲ. ನಾನು ಚಪ್ಪಲಿ ಹುಡುಕುವಷ್ಟರಲ್ಲಿ ನಿರ್ಮಲೆ ಗಾಡಿಯನ್ನು ಬೀದಿಗೆ ಇಳಿಸಿದ್ದಳು.

"ಆ ರಸ್ತೇಲಿ ಲಾರಿ ಬರ್ತಾವೆ ಕಣೇ" ಎಂದೆ.

"ನೀವು ಬರ್ತೀರೋ, ಮನ್ಯಾಗ ಇರ್ತೀರೋ?"

ಬಂದ್ ಇದ್ದದ್ದು ಬಸ್ಸುಗಳಿಗೆ ಮಾತ್ರವೆಂದು ಊರು ದಾಟಿದ ಮೇಲೆ ತಿಳಿಯಿತು. ಲಾರಿಗಳು ಪರ್ವತಗಳಂತೆ ಪಕ್ಕದಲ್ಲೇ ಹಾದುಹೋಗುತ್ತಿದ್ದವು. ರಸಭೇದಗಳನ್ನೆಲ್ಲ ಮರೆತು ನಾನು ಎರಡೂ ಕೈಗಳಿಂದ ಅವಳ ಹೆಗಲು ಹಿಡಿದೆ. ಹೆಗಲು ಸಣ್ಣಗೆ ನಡುಗುತ್ತಿತ್ತು. ಗಾಡಿಯ ನಡುಕವೆಂದುಕೊಂಡೆ. ಹರಿಹರ ಹತ್ತಿರವಾಗಿ, ಗುತ್ತೂರಿನ ಕಡೆಗೆ ಹೋಗುವ ದಾರಿಯ ಬಳಿ ಅವಳು ಗಾಡಿ ನಿಲ್ಲಿಸಿದಳು. ಗಾಡಿ ನಿಂತರೂ ನಡುಕ ನಿಲ್ಲಲಿಲ್ಲ.

"ಅವ್ವಗೆ ಏನಾರ ಆಗಿದ್ರೆ?" ಎಂದಳು, ಹಿಂದೆ ತಿರುಗದೆ.

ಸಂದರ್ಭಕ್ಕೊಂದು ಸುಭಾಷಿತವನ್ನು ಜೇಬಿನಲ್ಲೇ ಇಟ್ಟುಕೊಂಡು ತಿರುಗುವ ನಾನು ಆ ದಿನ ಅವನ್ನೆಲ್ಲ ಅಲ್ಲೇ ಬಿಟ್ಟೆ. "ನೀನು ಮುಂದೆ ನೋಡು. ಹಿಂದಿನದನ್ನೆಲ್ಲ ನಾನು ನೋಡ್ತೀನಿ" ಎಂದುಬಿಟ್ಟೆ. ಅಲ್ಲಿಂದ ಮುಂದೆ ಕತ್ತನ್ನು ಹಿಂದಕ್ಕೆ ತಿರುಗಿಸಿಕೊಂಡು, "ಲಾರಿ ಬಂತು, ಬದಿಗೆ ತಗೋ! ಅಲ್ಲಲ್ಲ, ಎತ್ತಿನ ಗಾಡಿ, ಹೋಗು!" ಎಂದು ಕೂಗುತ್ತಾ ಹೋದೆ. ಹಿಂದಿನ ಸೀಟಿಗೂ ಒಂದು ಉದ್ಯೋಗವಿದೆಯೆಂದು ನನಗೆ ತಿಳಿದದ್ದು ಆ ದಿನ. ಹರಿಯೂ ಹರನೂ ಒಂದೇ ಮೈಯನ್ನು ಅರ್ಧರ್ಧ ಹಂಚಿಕೊಂಡು ನಿಂತ ಊರಿಗೆ ಒಂದೇ ಗಾಡಿಯನ್ನು ಹಂಚಿಕೊಂಡ ನಾವಿಬ್ಬರು ಹೀಗೆ ಪ್ರವೇಶಿಸಿದೆವು.

ಅತ್ತೆ ಪಾದಕ್ಕೆ ಅರಿಶಿನ ಸುಣ್ಣದ ಪಟ್ಟು ಹಾಕಿಸಿಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ಬರೀ ಉಳುಕು. ಮಗಳು ತಬ್ಬಿಕೊಂಡು ಅತ್ತರೂ ಅವರ ಕಣ್ಣು ಬಾಗಿಲಾಚೆಗಿನ ಗಾಡಿಯ ಮೇಲಿತ್ತು.

"ಅಳಿಯಂದ್ರನ್ನ ಹಿಂದ ಕುಂದ್ರಿಸ್ಕಂಡು ಬಂದ್ಯೇನೇ? ಊರ ಮುಂದ?"

"ಬಸ್ ಇರ್ಲಿಲ್ಲವ್ವ."

ಊಟ ಮುಗಿಯುವವರೆಗೂ ಅತ್ತೆ ಗಾಡಿಯನ್ನೇ ನೋಡುತ್ತಿದ್ದರು. ನಿರ್ಮಲೆ ಪಾತ್ರೆ ತೊಳೆಯಲು ಹಿತ್ತಲಿಗೆ ಹೋದಾಗ ನನ್ನನ್ನು ಮೆಲ್ಲಗೆ ಕೇಳಿದರು: "ಆಕಿಗೆ ಭಯ ಆಗ್ಲಿಲ್ಲೇನ್ರಿ?"

"ಆಯಿತು, ಅತ್ತೆ. ದಾರಿಯಲ್ಲಿ ಒಮ್ಮೆ ಗಾಡಿಯನ್ನೇ ನಿಲ್ಲಿಸಿಬಿಟ್ಟಳು."

"ಆದ್ರೂ ಬಂದ್ಲು" ಎಂದರು ಅತ್ತೆ, ನನಗಲ್ಲ, ಮಡಿಲಲ್ಲಿದ್ದ ಅವರೆಕಾಯಿಗೆ.

ಆಮೇಲೆ ವಾರಕ್ಕೊಮ್ಮೆ ನಾವು ಹೋಗಿಬರತೊಡಗಿದೆವು. ಸುದ್ದಿ ಬೀದಿಗೂ ಹಬ್ಬಿತು. ಒಂದು ಬೆಳಿಗ್ಗೆ ರುದ್ರಪ್ಪನವರು ಸೊಂಟ ಹಿಡಿದುಕೊಂಡು ಬಂದು, "ನಿರ್ಮಲಮ್ಮ, ಡಾಕ್ಟ್ರ ಕಡಿಗೆ ಹೊಂಟೀಯೇನವ್ವ?" ಎಂದು ಯಾರಿಗೂ ಕೇಳಿಸದ ದನಿಯಲ್ಲಿ ಕೇಳಿದರು. ಗಾಡಿ ಹೊರಟಾಗ ನಾನು ಓಡಿಹೋಗಿ ಅವರದೇ ಕಟ್ಟೆಯ ಮೇಲೆ ಕುಳಿತು, "ಏನ್ ರುದ್ರಪ್ಪನೋರೇ, ಡ್ರೈವರ್ ಇಟ್ಕಂಡೀರಿ!" ಎಂದೆ. "ಸುಮ್ನಿರ್ರಿ ಮೇಷ್ಟ್ರೇ, ನಗ್ಸಿದ್ರೆ ಬೀಳ್ತೀನಿ" ಎಂದರು ಅವರು, ಎರಡೂ ಕೈಗಳಲ್ಲಿ ಕಂಬಿಯನ್ನು ಹಿಡಿದು, ಕಣ್ಣು ಮುಚ್ಚಿಕೊಂಡು.

ಈ ಯುಗಾದಿಗೆ ಹರಿಹರದಲ್ಲಿದ್ದೆವು. ಬೇವುಬೆಲ್ಲ ತಿಂದಾಯಿತು. ಅತ್ತೆ ಹೊಸ ಸೀರೆಯುಟ್ಟು ಗಾಡಿಯ ಸುತ್ತ ಎರಡು ಸಲ ಓಡಾಡಿ, ಅದರ ಸೀಟನ್ನು ಸೆರಗಿನಿಂದ ಒರೆಸಿ, "ಹೊಳಿಗೆ ನೀರು ಬಂದೈತೋ ಇಲ್ಲೋ, ನೋಡ್ಕಂಡು ಬರಬೇಕಿತ್ತು" ಎಂದರು. ಚೈತ್ರದಲ್ಲಿ ತುಂಗಭದ್ರೆಗೆ ನೀರು ಬರುವುದಿಲ್ಲವೆಂದು ಅವರಿಗೂ ಗೊತ್ತು, ನಮಗೂ ಗೊತ್ತು. ನಿರ್ಮಲೆ ಗಾಡಿ ಹೊರಳಿಸಿದಳು. ಅತ್ತೆ ಓರೆಯಾಗಿ ಕುಳಿತು, ಮಗಳ ಸೊಂಟವನ್ನು ಗಟ್ಟಿಯಾಗಿ ಹಿಡಿದು, ನನ್ನ ಕಡೆ ತಿರುಗಿ, "ಒಲಿ ಮ್ಯಾಲ ಹಾಲು ಐತ್ರಿ, ಸ್ವಲ್ಪ ನೋಡ್ಕಳ್ರಿ" ಎಂದರು.

ಬೀದಿಯ ಕೊನೆಯಲ್ಲಿ ಗಾಡಿ ತಿರುಗುವಾಗ ಅತ್ತೆ ಜೋರಾಗಿ ನಕ್ಕರು. ಇಷ್ಟು ವರ್ಷಗಳ ಅಳಿಯತನದಲ್ಲಿ ನಾನು ಆ ನಗೆಯನ್ನು ಕೇಳಿರಲಿಲ್ಲ. ಉಯ್ಯಾಲೆ ಮೇಲಕ್ಕೇರಿದಾಗ ಸಣ್ಣ ಹುಡುಗಿ ನಗುವ ನಗೆ ಅದು. ಹೊಸ್ತಿಲ ಮೇಲೆ ನಿಂತು, ಅದು ಕೇಳಿಸದಾಗುವವರೆಗೂ ಕೇಳಿದೆ. ಆಮೇಲೂ ಸ್ವಲ್ಪ ಹೊತ್ತು ಕೇಳಿದೆ. ಅಷ್ಟರಲ್ಲಿ ಒಳಗಿನಿಂದ ಸೀದ ವಾಸನೆ ಬಂತು.

ಅವರು ಮರಳಿದಾಗ ನಾನು ಅಪರಾಧಿಯಂತೆ ಒಲೆ ಒರೆಸುತ್ತಿದ್ದೆ. ಕೂದಲೆಲ್ಲ ಕೆದರಿದ್ದ ಅತ್ತೆ ಒಲೆಯನ್ನು ನೋಡಿದರು, ಬರಿದಾದ ಪಾತ್ರೆಯನ್ನು ನೋಡಿದರು. ಬೈಗುಳಕ್ಕೆ ನಾನು ತಲೆ ಬಗ್ಗಿಸಿದೆ. ಅವರ ಮುಖ ಅರಳಿತು.

"ಅಯ್ಯ, ಹಾಲೆಲ್ಲಾ ಉಕ್ಕಿ ಹೋಗೈತೆ!" ಎಂದು ಸಂಭ್ರಮದಿಂದ ಬಾಗಿಲಿಗೆ ಓಡಿದರು. "ನಿರ್ಮಲಾ, ಇಳಿಬ್ಯಾಡ, ಇಳಿಬ್ಯಾಡ! ಗಾಡಿ ತಿರುಗ್ಸು. ಹಾಲು ತರಾಕ ಹೋಗಾನ."