ಬಲಗಡೆಯ ಹಿಂದಿನ ಚಕ್ರ

ತಾರಸಿಯ ಮೇಲೆ ಸಂಡಿಗೆ ಹಾಕಿದರೆ ಗಾಳಿಗೆ ಬಟ್ಟೆ ಏಳುತ್ತದೆ. ಮೂರು ಮೂಲೆಗೆ ಕಲ್ಲು ಇಡುತ್ತೇನೆ, ನಾಲ್ಕನೆಯದಕ್ಕೆ ರೇಸ್ ಕಾರಿನ ಚಕ್ರದ ನಟ್ಟು. ನಗಬೇಡಿ. ಈ ವಯಸ್ಸಿನಲ್ಲಿ ಶಿವಮೊಗ್ಗದಿಂದ ರೈಲು ಹತ್ತಿ, ಚೆನ್ನೈವರೆಗೆ ಹೋಗಿ ಫಾರ್ಮುಲಾ ರೇಸ್ ನೋಡಿ ಬಂದವಳು ನಾನು.

ಕಾರಿನ ಮೋಹಕ್ಕೆ ಹೋದದ್ದಲ್ಲ. ಮೊಮ್ಮಗಳು ಚೈತ್ರ ಒಂದು ತಂಡದಲ್ಲಿ ಮೆಕ್ಯಾನಿಕ್. ಬಲಗಡೆಯ ಹಿಂದಿನ ಚಕ್ರ ಅವಳ ಪಾಲು. ಅದನ್ನು ಹಿಡಿದಿಡುವ ಒಂದೇ ಒಂದು ನಟ್ಟು ಸಡಿಲವಾದರೆ ಏನಾಗುತ್ತದೆ ಎಂದು ಒಮ್ಮೆ ಕೇಳಿದ್ದೆ.

"ಚಕ್ರ ಹೋಗುತ್ತೆ ಅಜ್ಜಿ. ಡ್ರೈವರ್ರೂ ಹೋಗ್ಬೋದು," ಅಂದಳು, ದೋಸೆ ಮುರಿಯುತ್ತ.

ರೇಸಿಗೆ ನಾನೂ ಬರುತ್ತೇನೆ ಎಂದೆ. ಕಾರಣ ಇದೆ. ಭದ್ರಾವತಿಯ ಕ್ವಾರ್ಟರ್ಸ್‌ನಲ್ಲಿದ್ದಾಗ, ಇವಳಿನ್ನೂ ಚಿಕ್ಕವಳು, ಬೀಗ ಹಾಕುವ ಕೆಲಸ ಇವಳಿಗೆ ಬಿಟ್ಟು ಮದುವೆಗೆ ಹೋಗಿದ್ದೆವು. ಬಂದು ನೋಡಿದರೆ ಬೀಗ ಚಿಲಕದಲ್ಲಿ ನೇತಾಡುತ್ತಿದೆ, ಯಾರದ್ದೋ ಹಸು ನಡುಮನೆಯಲ್ಲಿ ನಿಂತು ಅಕ್ಕಿ ಮೇಯುತ್ತಿದೆ. ನನ್ನ ಯಜಮಾನರು ಕಾರ್ಖಾನೆಯ ಫಿಟ್ಟರ್. ತಾವು ಬಿಗಿ ಮಾಡಿದ ಬೋಲ್ಟಿಗೆ ಸೀಮೆಸುಣ್ಣದ ಗೆರೆ ಎಳೆಯದೆ ಜಾಗ ಬಿಡುತ್ತಿರಲಿಲ್ಲ. ಅವರು ಬೈಯಲಿಲ್ಲ, ಹಸುವಿಗೆ ಬೆಲ್ಲ ತೋರಿಸಿ ಹೊರಗೆ ಕರೆದುಕೊಂಡು ಹೋದರು. ನಾನು ಮಾತ್ರ ಅಂದಿನಿಂದ ಚೈತ್ರ ಹಾಕಿದ ಬೀಗವನ್ನು ಒಮ್ಮೆ ಎಳೆದು ನೋಡದೆ ಮೆಟ್ಟಿಲಿಳಿದವಳಲ್ಲ.

ಚೆನ್ನೈಯ ರೇಸಿನ ಮೈದಾನದಲ್ಲಿ ಚೈತ್ರ ತನ್ನ ತಂಡದ ಕೆಂಪು ಟೋಪಿ ಕೊಟ್ಟಳು, ಅದು ನನ್ನ ತುರುಬಿನ ಮೇಲೆ ನಿಲ್ಲಲಿಲ್ಲ. ಸದ್ದಿಗೆ ಎಲ್ಲರೂ ಕಿವಿ ಮುಚ್ಚಿಕೊಂಡರು. ಕಾರ್ಖಾನೆಯ ಪಕ್ಕ ಸಂಸಾರ ಮಾಡಿದವಳಿಗೆ ಅದೆಲ್ಲ ಲೆಕ್ಕಕ್ಕಿಲ್ಲ. ಪಕ್ಕದ ತಮಿಳು ಹೆಂಗಸು ಯಾರು ಮುಂದಿದ್ದಾರೆ ಎಂದು ಕೇಳಿದಳು. ಕ್ವಾರ್ಟರ್ಸ್‌ನಲ್ಲಿ ಕಲಿತ ತಮಿಳಿನಲ್ಲಿ, ಚಕ್ರ ನಾಲ್ಕೂ ಇವೆ ಎಂದೆ. ಅವಳು ಆಚೆ ಬದಿಯವರನ್ನು ಕೇಳಿದಳು. ಪ್ರತಿ ಸುತ್ತಿಗೂ ನಮ್ಮ ಕೆಂಪು ಕಾರಿನ ಆ ಒಂದು ಚಕ್ರ ನೋಡುವುದು, ಉಸಿರು ಬಿಡುವುದು. ಎರಡು ದಿನ ನಾನು ಕಂಡ ರೇಸು ಇಷ್ಟೇ.

ಭಾನುವಾರ ಒಂದು ಸುತ್ತಿಗೆ ಕೆಂಪು ಕಾರು ಬರಲಿಲ್ಲ. ದೂರದ ತಿರುವಿನಲ್ಲಿ ಧೂಳೆದ್ದಿತ್ತು. ಹೋಯಿತು, ಬೀಗ ಮತ್ತೆ ನೇತಾಡಿತು ಅಂದುಕೊಂಡೆ. ಮಂಡಿನೋವು ಮರೆತು ಬೇಲಿಯ ತನಕ ಇಳಿದೆ. ಬಹಳ ಹೊತ್ತಿನ ಮೇಲೆ ಕಾರನ್ನು ಲಾರಿಯ ಮೇಲೆ ತಂದರು. ಮೂತಿ ಜಜ್ಜಿತ್ತು, ಮುಂದಿನ ಎಡಚಕ್ರ ಮುರಿದಿತ್ತು. ಬೇರೆಯವನು ಬಂದು ಗುದ್ದಿದ್ದನಂತೆ. ಡ್ರೈವರ್ ತಲೆ ತಗ್ಗಿಸಿ, ತನ್ನ ಕಾಲ ಮೇಲೆ ತಾನೇ ನಡೆದು ಬರುತ್ತಿದ್ದ. ಬಲಗಡೆಯ ಹಿಂದಿನ ಚಕ್ರ ಇದ್ದಲ್ಲೇ ಇತ್ತು. ನಾನು ಅಲ್ಲೇ ನೆಲದ ಮೇಲೆ ಕೂತೆ.

ಸಂಜೆ ಚೈತ್ರ ಆ ನಟ್ಟನ್ನು ನನ್ನ ಮಡಿಲಿಗೆ ಹಾಕಿದಳು. ಅದರ ಮೇಲೆ ಹಳದಿ ಬಣ್ಣದ ಒಂದು ಗೆರೆ. ಬಿಗಿ ಮಾಡಿದ ಗುರುತು.

"ತಗೋ. ಇದನ್ನೂ ಎಳೆದು ನೋಡು."

"ನಿಮ್ಮಜ್ಜ ಗೆರೆ ಇದಕ್ಕಿಂತ ನೆಟ್ಟಗೆ ಎಳೀತಿದ್ರು," ಅಂದೆ.

ಇವತ್ತು ಚೈತ್ರ ಶಿವಮೊಗ್ಗಕ್ಕೆ, ಗೋಪಾಳ ಬಡಾವಣೆಯ ನಮ್ಮ ಮನೆಗೆ ಬಂದಿದ್ದಾಳೆ. ಸಂಡಿಗೆ ಒಣಗಲು ಬಿಟ್ಟು ದುರ್ಗಿಗುಡಿಯ ಪೇಟೆಗೆ ಹೊರಟೆವು. ಬೀಗ ಹಾಕಿದವಳು ವಾಡಿಕೆಯಂತೆ ಪಕ್ಕಕ್ಕೆ ಸರಿದು ನನಗೆ ಜಾಗ ಬಿಟ್ಟಳು.

"ಏನು ನಿಂತಿದೀಯ ಮಾರಾಯ್ತಿ, ಆಟೋ ಕಾಯ್ತಿದೆ," ಎಂದು ನಾನು ಮೆಟ್ಟಿಲಿಳಿದೆ.