ಒಂದೇ ಮನೆಯ ಎರಡು ಒಲೆ

ಗೋಕಾಕದ ಬಾಡಿಗೆ ಮನೆ ಖಾಲಿ ಮಾಡುವ ದಿನ ಮೈನಾಬಿ ಎಲ್ಲವನ್ನೂ ಮಾರಲು ಒಪ್ಪಿದಳು, ಗ್ಯಾಸಿನ ಒಲೆಯೊಂದನ್ನು ಬಿಟ್ಟು. ಫ್ರಿಜ್ಜು ಎದುರು ಮನೆಗೆ ಹೋಯಿತು. ಪಲ್ಲಂಗ ಹಳೆ ಸಾಮಾನಿನ ಅಂಗಡಿ ಸೇರಿತು. ಮಗಳು ಸಾನಿಯಾ ಓದುತ್ತಿದ್ದ ಮೇಜನ್ನು ಮನೆಯೊಡತಿ ವಿಜಯಲಕ್ಷ್ಮಿ ತಾನೇ ಇಟ್ಟುಕೊಂಡಳು. ಟೆಂಪೋದವನು ಒಲೆಯನ್ನು ಗೋಣಿಚೀಲದೊಳಗೆ ತುರುಕಲು ಹೋದಾಗ ಮೈನಾಬಿ ಅದನ್ನು ಅವನ ಕೈಯಿಂದ ತೆಗೆದುಕೊಂಡು ತನ್ನ ಹಳೆಯ ಸೀರೆಯಲ್ಲಿ ಸುತ್ತಿದಳು.

"ಬಾಗೇವಾಡ್ಯಾಗ ನಿನ್ನ ನೆಗೆಣ್ಣಿ ಒಲಿ ಇರತೈತೆಲ್ಲ," ಎಂದಳು ವಿಜಯಲಕ್ಷ್ಮಿ. "ಇದನ್ನ್ಯಾಕ ಕೂಸಿನಂಗ ಹೊತಗೊಂಡ ಹೊಂಟಿ?"

"ಆಕಿ ಒಲಿ ಆಕೀದು, ನಂದು ನಂದ್ರಿ ಅಕ್ಕಾರ."

ಮೈನಾಬಿಯ ಗಂಡ ಚಾಂದಸಾಬ ಬಟ್ಟೆಬರೆ ಇಡುವ ಕಬ್ಬಿಣದ ತಿಜೋರಿ ಮಾಡುವವನು. ಮದುವೆಯ ಹಂಗಾಮಿನಲ್ಲಿ ಅವನ ಅಂಗಡಿಯ ಮುಂದೆ ಕನ್ನಡಿ ಹಚ್ಚಿದ, ಬಾಗಿಲ ಮೇಲೆ ನವಿಲು ಬರೆದ ತಿಜೋರಿಗಳು ಸಾಲಾಗಿ ನಿಂತಿರುತ್ತಿದ್ದವು. ಯಾವುದು ಯಾವ ಊರಿನ ಮದುಮಗಳ ಮನೆಗೆ ಹೋಗುವುದೆಂದು ಮೈನಾಬಿಗೂ ಗೊತ್ತಿರುತ್ತಿತ್ತು. ಆಮೇಲೆ ಮದುವೆಗಳೇ ಸಣ್ಣವಾದವು. ಕೈಯಲ್ಲಿ ಕಾಸಿದ್ದವರು ಷೋರೂಮಿನಿಂದ ಕಂತಿನ ಮೇಲೆ ಪ್ಲೈವುಡ್ಡಿನ ಕಪಾಟು ತಂದರು, ಇಲ್ಲದವರು ಒಂದು ಸೂಟ್‌ಕೇಸಿನಲ್ಲಿ ಮುಗಿಸಿದರು. ತಗಡಿನ ದರ ಮಾತ್ರ ಇಳಿಯಲಿಲ್ಲ. ಚಾಂದಸಾಬ ಮೊದಲು ಬೆಸುಗೆಯ ಹುಡುಗರನ್ನು ಬಿಡಿಸಿದ. ಕೊನೆಗೆ, ನವಿಲು ಬರೆಯುತ್ತಿದ್ದ ಸಿದ್ರಾಯನೂ ಬ್ರಷ್ಷುಗಳನ್ನು ಡಬ್ಬಿಗೆ ಹಾಕಿಕೊಂಡು, "ಮತ್ತ ಕೆಲಸ ಬಂದರ ಫೋನ್ ಮಾಡ ಕಾಕಾ," ಎಂದು ಹೇಳಿ ಹೋದ. ಆ ಫೋನು ಮಾಡುವ ಪ್ರಸಂಗ ಬರಲಿಲ್ಲ.

ಉಳಿಸುವುದರಲ್ಲಿ ಮೈನಾಬಿ ಯಾರಿಗೂ ಕಡಿಮೆಯಿರಲಿಲ್ಲ. ಸಾಬೂನಿನ ಚೂರುಗಳನ್ನು ಒದ್ದೆ ಕೈಯಿಂದ ಒತ್ತಿ ಒಂದು ಹೊಸ ಸಾಬೂನು ಮಾಡಿದಳು. ಶುಕ್ರವಾರದ ಮಟನ್ನು ತತ್ತಿಯಾಯಿತು, ತತ್ತಿ ಬದನೆಕಾಯಿಯಾಯಿತು. ಸಾನಿಯಾ ಕಾಲೇಜಿಗೆ ಆಟೋ ಬಿಟ್ಟು ನಡೆದುಹೋಗತೊಡಗಿದಳು. ಸಂಜೆ ದೀಪ ಹಚ್ಚುವ ಮೊದಲು ಮನೆಯೊಳಗೆ ಇನ್ನೂ ಎಷ್ಟು ಬೆಳಕು ಉಳಿದಿದೆ ಎಂದು ಮೈನಾಬಿ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ಇಷ್ಟಾದರೂ ಬಾಡಿಗೆ ಕೊಡುವುದು ಸಾಧ್ಯವಾಗದೆ ಹೋದಾಗ, ಬೆಲ್ಲದ ಬಾಗೇವಾಡಿಯಿಂದ ಚಾಂದಸಾಬನ ಅಣ್ಣ ಮೌಲಾಸಾಬ ಹೇಳಿಕಳಿಸಿದ: ಹಿಂದಿನ ಖೋಲಿ ಖಾಲಿ ಐತಿ, ಬರ್ರಿ.

"ಬರ್ತೇನಿ," ಎಂದಳು ಮೈನಾಬಿ ಗಂಡನಿಗೆ. "ಒಲಿ ಮಾತ್ರ ಬ್ಯಾರೆ."

ಚಾಂದಸಾಬ ಯಾಕೆಂದು ಕೇಳಲಿಲ್ಲ. ಅವನಿಗೆ ಗೊತ್ತಿತ್ತು.

ಮೂಡಲಗಿಯ ತವರಿನಿಂದ ಮೈನಾಬಿ ಸೊಸೆಯಾಗಿ ಬಂದದ್ದು ಅದೇ ಬಾಗೇವಾಡಿಯ ಮನೆಗೆ. ಅತ್ತೆ ಇರಲಿಲ್ಲ. ಮನೆಯನ್ನು ನಡೆಸುತ್ತಿದ್ದವಳು ಮೌಲಾಸಾಬನ ಹೆಂಡತಿ, ನೆಗೆಣ್ಣಿ ದಾವಲಬಿ. ಹಿಟ್ಟು ಅವಳ ಕೈಯಿಂದಲೇ ಬರಬೇಕು, ಸಕ್ಕರೆ ಡಬ್ಬಿಯ ಕಪಾಟಿನ ಕೀಲಿ ಅವಳ ಸೊಂಟದಲ್ಲಿ. ಸಾನಿಯಾ ಹೊಟ್ಟೆಯಲ್ಲಿದ್ದಾಗ ಒಂದು ಮಧ್ಯಾಹ್ನ ಮೈನಾಬಿಗೆ ಹುರಿದ ತತ್ತಿ ತಿನ್ನಬೇಕೆನಿಸಿತು. ಬಾಯಿಬಿಟ್ಟು ಕೇಳಿದಳು. ದಾವಲಬಿ ಅಕ್ಕಿ ಆರಿಸುತ್ತಲೇ, "ಈ ಮನ್ಯಾಗ ಒಬ್ಬೊಬ್ಬರಿಗೆ ಒಂದೊಂದ ಅಡಗಿ ಆಗೂದಿಲ್ಲ," ಎಂದಿದ್ದಳು. ಬೈದದ್ದಲ್ಲ, ಹೊಡೆದದ್ದಲ್ಲ, ಅಷ್ಟೇ ಮಾತು. ಆದರೆ ಮೈನಾಬಿ ಗಂಡನ ಬೆನ್ನುಬಿದ್ದು ಗೋಕಾಕಕ್ಕೆ ಸಂಸಾರ ಹೂಡಿಸಿದಳು. ಹೊಸ ಮನೆಯಲ್ಲಿ ಮೊದಲು ಕೊಂಡದ್ದು ಒಲೆ. ಅದರ ಮೇಲೆ ಮೊದಲು ಹುರಿದದ್ದು ತತ್ತಿ. ಹಸಿವೇನೂ ಇರಲಿಲ್ಲ, ನಿಂತುಕೊಂಡೇ ತಿಂದಳು.

ಈಗ ಅದೇ ಒಲೆ ಬಾಗೇವಾಡಿ ಮನೆಯ ಹಿಂದಿನ ಖೋಲಿಯ ಕಿಟಕಿಯ ಕೆಳಗೆ ಒಂದು ಶಹಾಬಾದ ಕಲ್ಲಿನ ಮೇಲೆ ಕುಳಿತಿತು. ಗೋಡೆಯ ಆಚೆ ದಾವಲಬಿಯ ಅಡುಗೆಮನೆ. ಬೆಳಿಗ್ಗೆ ಈ ಕಡೆ ಚಹಾ ಕುದಿಯುವ ಹೊತ್ತಿಗೆ ಆ ಕಡೆಯೂ ಕುದಿಯುತ್ತಿತ್ತು. ಬೆಸುಗೆಯ ಕೂಲಿಗೆ ಹುಕ್ಕೇರಿಗೆ ಹೊರಡುವ ಚಾಂದಸಾಬ ಈ ಚಹಾ ಕುಡಿದು ಅಂಗಳಕ್ಕೆ ಬಂದರೆ, ಅಣ್ಣ ಆ ಚಹಾದ ಬಟ್ಟಲು ಹಿಡಿದು ಕಟ್ಟೆಯ ಮೇಲೆ ಕುಳಿತಿರುತ್ತಿದ್ದ.

ಪಕ್ಕದ ಮನೆಯ ಯಲ್ಲಕ್ಕ ಕುರಿಗಳನ್ನು ಹೊರಗೆ ಬಿಡುತ್ತ ಒಮ್ಮೆ ಕೂಗಿ ಹೇಳಿದಳು, "ಏ ಮೈನಾಬಿ, ಒಂದ ಮನ್ಯಾಗ ಎರಡೆರಡ ಕುಕ್ಕರ ಸೀಟಿ ಹೊಡೀತಾವು. ರೈಲ ಬಂತಂತ ನಮ್ಮ ಕುರಿ ಬೆದರಾಕತ್ತಾವ ನೋಡ!"

"ಕುರಿಗೆ ರೂಢಿ ಆಗತೈತಿ ಬಿಡ ಯಲ್ಲಕ್ಕ."

"ಕುರಿಗೆ ಆಗತೈತಿ. ನಿಮ್ಮಿಬ್ಬರಿಗೆ ಯಾವಾಗ ಆಗತೈತೋ."

ದಾವಲಬಿಯ ಕಡೆಯೂ ದಿನಗಳು ಚೆನ್ನಾಗಿರಲಿಲ್ಲ. ಮೌಲಾಸಾಬ ಹುಕ್ಕೇರಿಗೆ ಜೀಪು ಹೊಡೆಯುತ್ತಿದ್ದ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಜೀಪಿಗೆ ಕೈ ಮಾಡುವವರು ಕಡಿಮೆಯಾದರು. ಜೀಪು ಈಗ ಬೇವಿನ ಮರದ ಕೆಳಗೆ ನಿಂತಿತ್ತು. ಅದರ ಹಿಂದಿನ ಸೀಟಿನಲ್ಲಿ ಯಾರದೋ ಕೋಳಿ ಮರಿ ಮಾಡಿತ್ತು. ಇವರಿಗೆ ರೇಷನ್ನಿನ ಅಕ್ಕಿಯೂ ಬರುತ್ತಿರಲಿಲ್ಲ. ಜೀಪು ಓಡುತ್ತಿದ್ದ ಕಾಲದಲ್ಲಿ, "ಬಡವರ ಕಾರ್ಡು ನಮಗ್ಯಾಕ ಬೇಕ?" ಎಂದು ದಾವಲಬಿಯೇ ಬೇಡವೆಂದಿದ್ದಳು. ಈಗ ಹೋಗಿ ಸಾಲಿನಲ್ಲಿ ನಿಲ್ಲುವುದು ಅವಳಿಂದ ಆಗುವ ಕೆಲಸವಲ್ಲ.

ಅದೇ ದಿನಗಳಲ್ಲಿ ದಾವಲಬಿ ರೋಜಾ ಹಿಡಿಯತೊಡಗಿದಳು, ಹಗಲೆಲ್ಲ ಉಪವಾಸ. ರಮಜಾನ ಮುಗಿದು ಎಷ್ಟೋ ದಿನವಾಗಿತ್ತು. ಮೊದಲು ಸೋಮವಾರ, ಗುರುವಾರ. ಆಮೇಲೆ ಬುಧವಾರವೂ ಸೇರಿತು. ನಡುವೆ ಇನ್ನೊಂದು ದಿನ. ಸೆರಗು ತಲೆಯ ಮೇಲೆ ಎಳೆದುಕೊಂಡು ಬಿಸಿಲಿನಲ್ಲಿ ಬಟ್ಟೆ ಒಗೆಯುತ್ತಿದ್ದವಳನ್ನು ನೋಡಿ ಮೈನಾಬಿಗೆ ಮೈ ಉರಿಯಿತು. ಒಲೆ ಹೊತ್ತುಕೊಂಡು ಬಂದ ತನಗೆ ತೋರಿಸುವುದಕ್ಕೇ ಇಷ್ಟು ಭಕ್ತಿ ಎಂದುಕೊಂಡಳು.

"ಜನ್ನತ್ತಿನ್ಯಾಗ ಮುಂದಿನ ಸೀಟ ಹಿಡಿಯಾಕತ್ತೀರೇನ ಭಾಭಿ?"

ದಾವಲಬಿ ಬಟ್ಟೆ ಹಿಂಡುತ್ತ ತಲೆಯೆತ್ತಲಿಲ್ಲ. "ಹೂಂ. ನಿನಗೂ ಬಾಜೂಕ ಒಂದ ಟಾವೆಲ್ ಹಾಸಿ ಇಡಲ್ಯಾ?"

ಆ ಮಾತಿಗೆ ಕಟ್ಟೆಯ ಮೇಲಿದ್ದ ಮೌಲಾಸಾಬನೂ ನಕ್ಕ. ಮೈನಾಬಿ ಒಳಗೆ ಬಂದು ಅವತ್ತು ಬೇಕೆಂದೇ ಬೆಳ್ಳುಳ್ಳಿಯ ಒಗ್ಗರಣೆಯನ್ನು ಕೆಂಪಗಾಗುವವರೆಗೆ ಹುರಿದಳು. ಕಿಟಕಿ ತೆರೆದಿಟ್ಟಳು. ವಾಸನೆ ಗೋಡೆಯಾಚೆ ಹೋಗುವುದು ಅವಳಿಗೆ ಗೊತ್ತಿತ್ತು.

ಚಾಂದಸಾಬನ ಕೂಲಿ ವಾರದಲ್ಲಿ ಕೆಲವೇ ದಿನ ಸಿಗುತ್ತಿತ್ತು. ಒಂದು ದಿನ ಊಟ ಮಾಡುತ್ತ ಅವನು ಮೆಲ್ಲಗೆ ಮಾತು ತೆಗೆದ. "ಎರಡ ಸಿಲಿಂಡರ ಯಾಕ? ಬ್ಯಾಳಿ ಒಂದ, ರೊಟ್ಟಿ ಒಂದ. ಒಂದ ಕಡೆ ಕುದಸ್ರಿ."

"ಫ್ರಿಜ್ ಕೊಟ್ಟೆ. ಪಲ್ಲಂಗ ಕೊಟ್ಟೆ. ಇದನ್ನ ಕೇಳಬ್ಯಾಡ್ರಿ."

"ಒಲಿ ಕೇಳಲಿಲ್ಲೇ ಮಾರಾಯ್ತಿ, ಗ್ಯಾಸ..."

"ಎರಡೂ ಒಂದರಿ. ನಾಳೆ ಸಾನಿಯಾ ಹಸಿವಂದರ ನಾ ಯಾರ ಮಕಾ ನೋಡ್ಲಿ?"

ಅವನು ಕೈ ತೊಳೆದು ಎದ್ದ. ಸಾನಿಯಾ ತಟ್ಟೆಯಲ್ಲಿ ಕಣ್ಣಿಟ್ಟು ರೊಟ್ಟಿ ಮುರಿಯುತ್ತಲೇ ಇದ್ದಳು.

ಮಿರಗದ ಮಳೆ ಹನಿಯುವ ಹೊತ್ತಿಗೆ ಬಕ್ರೀದ್ ಬಂತು. ಪ್ರತಿವರ್ಷ ಮೌಲಾಸಾಬ ಯಲ್ಲಕ್ಕನ ಗಂಡ ಮಾಲಿಂಗಪ್ಪನ ಹಿಂಡಿನಿಂದಲೇ ಟಗರು ಆರಿಸಿ ತರುತ್ತಿದ್ದ. ಕುರ್ಬಾನಿಯ ಮಾಂಸವನ್ನು ಮೂರು ಪಾಲು ಮಾಡಿ, ಮನೆಗೊಂದು, ನೆಂಟರಿಗೊಂದು, ಇಲ್ಲದವರಿಗೊಂದು ಎಂದು ದಾವಲಬಿಯೇ ಓಣಿ ಓಣಿಗೆ ಕಳಿಸುತ್ತಿದ್ದಳು. ಯಾರ ಮನೆಯಲ್ಲಿ ಎಷ್ಟು ಮಕ್ಕಳು ಎಂಬುದು ಅವಳಿಗೆ ಬಾಯಿಪಾಠ.

"ಈ ಸಲ ಟಗರ ನೋಡಾಕ ಬರಲಿಲ್ಲಲ್ಲ ಮೌಲಾಸಾಬ?" ಎಂದು ಮಾಲಿಂಗಪ್ಪ ಬೇಲಿಯಾಚೆಯಿಂದ ಕೇಳಿದಾಗ ಮೌಲಾಸಾಬ, "ಮುಂದಿನ ವರ್ಷ ನೋಡೂಣು," ಎಂದು ಜೀಪಿನ ಗಾಜು ಒರೆಸತೊಡಗಿದ.

ಹಬ್ಬದ ಮಧ್ಯಾಹ್ನ ಮೇಲಿನ ಓಣಿಯ ಹೊಸ ಸೊಸೆ ತಬಸ್ಸುಮ ಮಾಂಸದ ಪಾಲು ಹಿಡಿದುಕೊಂಡು ಬಾಗಿಲಿಗೆ ಬಂದಳು. ಒಂದಲ್ಲ, ಎರಡು ಚೀಲ. "ಎರಡ ಒಲಿ ಅದಾವಂತಲ್ರಿ, ಅದಕ್ಕ ನಮ್ಮತ್ತಿ ಎರಡ ಪಾಲ ಮಾಡ್ಯಾರ," ಎಂದಳು, ಹಬ್ಬದ ಸಂತೋಷದಲ್ಲಿ, ಏನೂ ತಿಳಿಯದೆ. ದಾವಲಬಿ ಚೀಲ ಇಸಿದುಕೊಂಡಳು. ನಗುತ್ತಲೇ ಇಸಿದುಕೊಂಡಳು. ಅವಳ ಕೈ ಮಾತ್ರ ಚೀಲವನ್ನು ಹೇಗೆ ಹಿಡಿಯಬೇಕೆಂದು ತಿಳಿಯದಂತೆ ಒಂದು ಕ್ಷಣ ಗಾಳಿಯಲ್ಲಿ ನಿಂತಿತು. ಇಲ್ಲದವರ ಪಾಲು ಆ ಹೊಸ್ತಿಲಿನಿಂದ ಹೊರಗೆ ಹೋಗುವುದನ್ನು ಮಾತ್ರ ಮೈನಾಬಿ ನೋಡಿದ್ದಳು, ಒಳಗೆ ಬರುವುದನ್ನಲ್ಲ. ಅವಳಿಗೂ ತಲೆ ತಗ್ಗಿತು.

ಮರುದಿನ ಮೈನಾಬಿ ತನ್ನ ಪಾಲಿನ ಸಾರು ಮಾಡಿ, ಎಷ್ಟಾದರೂ ಹಬ್ಬ ಎಂದುಕೊಂಡು ಒಂದು ಬಟ್ಟಲು ತುಂಬಿ ಸಾನಿಯಾಳ ಕೈಯಲ್ಲಿ ಕಳಿಸಿದಳು. ಸಾನಿಯಾ ತುಂಬಿದ ಬಟ್ಟಲು ಹಿಡಿದುಕೊಂಡೇ ತಿರುಗಿ ಬಂದಳು.

"ದೊಡ್ಡಮ್ಮಗ ಇವತ್ತ ರೋಜಾ ಅಂತ. ದೊಡ್ಡಪ್ಪಂದು ಊಟ ಆಗೇತಂತ."

"ಇವತ್ತಾ?" ಮೈನಾಬಿಗೆ ನಗು ಉಕ್ಕಿತು. "ಬಕ್ರೀದಿನ ಮರುದಿನ ಯಾವ ರೋಜಾನ? ಇವತ್ತ ಹಿಡಿಯೂದ ಹರಾಮ್. ಸಣ್ಣ ಹುಡುಗರಿಗೂ ಗೊತ್ತೈತಿ. ದೊಡ್ಡ ಭಕ್ತಳಂತ, ಇಷ್ಟೂ..."

ನಗು ಅರ್ಧಕ್ಕೆ ನಿಂತಿತು. ಹಬ್ಬದ ನಂತರದ ಮೂರು ದಿನ ಉಪವಾಸ ಕೂಡದೆಂದು ಈ ಮನೆಗೆ ಬಂದ ಹೊಸದರಲ್ಲಿ ತನಗೆ ಒತ್ತಿ ಹೇಳಿದವಳೇ ದಾವಲಬಿ. ಅವಳು ಮರೆಯುವವಳಲ್ಲ. ಬಟ್ಟಲು ಎದುರಿಗೆ ಬಂದಾಗ ಬೇಡವೆನ್ನಲು ರೂಢಿಯಾದ ಮಾತು ತಾನಾಗಿ ಬಾಯಿಗೆ ಬಂದಿದೆ. ಹಾಗಾದರೆ ಆ ಸೋಮವಾರಗಳು? ಆ ಬುಧವಾರ? ರೋಜಾ ಹಿಡಿದವಳಿಗೆ ಊಟವಾಯಿತೇ ಎಂದು ಯಾರೂ ಕೇಳುವುದಿಲ್ಲ. ಮೈನಾಬಿ ಕಿಟಕಿಯ ಕಡೆ ನೋಡಿದಳು. ತಾನು ಹುರಿದ ಬೆಳ್ಳುಳ್ಳಿ ನೆನಪಾಗಿ ಬಾಯೆಲ್ಲ ಕಹಿಯಾಯಿತು.

ಅವಳು ಎದ್ದು ಹೋಗಿ ದಾವಲಬಿಯ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಹಿಟ್ಟಿನ ಡಬ್ಬಿಯನ್ನು ತೊಳೆದು ಬೋರಲು ಹಾಕಿತ್ತು. ಕಪಾಟಿಗೆ ಕೀಲಿ ಇರಲಿಲ್ಲ, ಬಾಗಿಲು ಅರ್ಧ ತೆರೆದಿತ್ತು. ದಾವಲಬಿ ಗೋಡೆಗೆ ಒರಗಿ ಕುಳಿತಿದ್ದವಳು ನೆಟ್ಟಗಾದಳು.

"ಏನ ಬೇಕಾಗಿತ್ತ?"

ಉಣ್ಣಿರಿ ಎಂದರೆ ಅವಳು ಉಣ್ಣುವವಳಲ್ಲ. ರೋಜಾ ಸುಳ್ಳು ಎಂದರೆ ನಾಳೆಯಿಂದ ಮುಖ ತೋರಿಸುವವಳೂ ಅಲ್ಲ. ತನ್ನ ಒಲೆಯ ಮೇಲೆ ಬೆಂದದ್ದನ್ನು ಮಾತ್ರ ದಾವಲಬಿ ತಿಂದಾಳು. ಅದು ಮೈನಾಬಿಗಿಂತ ಚೆನ್ನಾಗಿ ಯಾರಿಗೆ ತಿಳಿದೀತು? ಅವಳು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು.

"ಸಿಲಿಂಡರ ಮುಗದೈತಿ ಭಾಭಿ."

"ಮುಗದರ ಬುಕ್ ಮಾಡಸು."

"ಈ ತಿಂಗಳ ಆಗೂದಿಲ್ಲ. ನಿಮ್ಮ ಒಲಿ ಮ್ಯಾಲ ಜಾಗಾ ಕೊಡ್ರಿ. ಹಿಟ್ಟು, ಬ್ಯಾಳಿ ತರ್ತೇನಿ."

ದಾವಲಬಿ ಅವಳ ಮುಖವನ್ನೇ ನೋಡಿದಳು. ಏನು ಕಂಡಿತೋ. "ಒಂದ ತಿಂಗಳಾ?"

"ಒಂದ ತಿಂಗಳ ಅಂತ ಹೆಂಗ ಹೇಳ್ಲಿ? ಒಂದ ಸಲ ಕೂಡಿದ ಮ್ಯಾಲೆ ಕೂಡಿದಂಗ."

"ನನ್ನ ಅಡಗಿಮನ್ಯಾಗ ನನ್ನ ಮಾತ ನಡೀತೈತಿ."

"ನಡೀಲ್ರಿ."

"ಉಪ್ಪು ಕಾರ ನಾನ ಹಾಕಾಕಿ."

"ಹಾಕ್ರಿ."

ಮೈನಾಬಿ ತನ್ನ ಖೋಲಿಗೆ ಬಂದು ಡಬ್ಬಿಗಳನ್ನು ಒಂದೊಂದಾಗಿ ಎತ್ತಿಕೊಂಡಳು. ಸಾನಿಯಾ ಸಿಲಿಂಡರನ್ನು ಅಲುಗಾಡಿಸಿ ನೋಡಿ, "ಅವ್ವಾ, ಇದು ತುಂಬೇತಲ್ಲ?" ಎಂದು ಪಿಸುಗುಟ್ಟಿದಾಗ, "ದೊಡ್ಡಮ್ಮಂದು ಮುಗದ ಮ್ಯಾಲೆ ಆ ಕಡೆ ಇದನ್ನ ಹಚ್ಚೂಣು. ಬಾಯಿ ಮುಚ್ಚು," ಎಂದಳು.

ಸಂಜೆ ದಾವಲಬಿ ರೊಟ್ಟಿ ಬಡಿದಳು, ಮೈನಾಬಿ ಹಂಚಿನ ಮೇಲೆ ತಿರುವಿದಳು, ಪಲ್ಲೆಗೆ ಒಗ್ಗರಣೆ ಹಾಕಿದಳು. ಗಂಡಸರದೂ ಸಾನಿಯಾಳದೂ ಊಟವಾದ ಮೇಲೆ ಇಬ್ಬರೂ ಒಲೆಯ ಮುಂದೆ ಕುಳಿತರು. ರೋಜಾದ ಮಾತನ್ನು ಮೈನಾಬಿ ಎತ್ತಲಿಲ್ಲ. ದಾವಲಬಿಯೂ ಎತ್ತಲಿಲ್ಲ. ಮೊದಲ ತುತ್ತನ್ನು ದಾವಲಬಿ ನಿಧಾನವಾಗಿ ಅಗಿದಳು. ಆಮೇಲೆ ತಲೆಯೆತ್ತದೆ, ಬೇಗ ಬೇಗ ತಿಂದಳು. ಮೈನಾಬಿ ಅತ್ತ ನೋಡಬಾರದೆಂದು ಗೋಡೆಯ ಕಡೆ ಮುಖ ಮಾಡಿ ಕುಳಿತಳು. ಎದೆಯಲ್ಲಿ ಹಗುರವೆನಿಸುವುದೇನೋ ಎಂದುಕೊಂಡಿದ್ದಳು, ಎನಿಸಲಿಲ್ಲ.

"ಪಲ್ಲೇಕ ಎಣ್ಣಿ ಭಾಳ ಸುರುವತೀ," ಎಂದಳು ದಾವಲಬಿ ಕೈ ತೊಳೆಯುತ್ತ. "ಹಿಂಗ ಮಾಡಿದರ ತಿಂಗಳ ದಾಟೂದಿಲ್ಲ. ನಾಳಿಂದ ಎಣ್ಣಿ ನನ್ನ ಕಡೆ ಇರ್ಲಿ."

"ಹೂಂ."

ಮೈನಾಬಿ ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟು ಎತ್ತಿಕೊಂಡಳು. ಬಾಗಿಲವರೆಗೆ ಹೋದವಳು ನಿಂತಳು. ಗೋಕಾಕದಲ್ಲಿದ್ದಷ್ಟು ವರ್ಷ ಅವಳು ಯಾರನ್ನೂ ಕೇಳಬೇಕಾಗಿರದ ಮಾತದು. ತಿರುಗಿ ನೋಡದೆಯೇ ಕೇಳಿದಳು.

"ನಾಳೆ ಏನ ಮಾಡೂಣು ಭಾಭಿ?"

ದಾವಲಬಿ ಒಲೆಯ ಕಟ್ಟೆಯನ್ನು ಒರೆಸುತ್ತಿದ್ದಳು. ಉತ್ತರ ಕೊಡಲು ಅವಸರ ಮಾಡಲಿಲ್ಲ.